ಡ್ರಾಯಿಂಗ್ ಮಾಸ್ತರರ ಕುಳ

ಕಿರ್ಲೋಸ್ಕರ್ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗೋದು ಪಂಪ್‌ಸೆಟ್. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಇನ್ನೊಂದು ನೆನಪಾಗಬಹುದು: ಕರ್ನಾಟಕದ ಎಷ್ಟೋ ಕಾಲೇಜುಗಳ ವರ್ಕ್‌ಶಾಪಿನಲ್ಲಿ ನಿಂತಿರುವ ಹರಿಹರದ ಹಳೇ ಲೇತ್. ಆದರೆ ಆ ಹೆಸರಿನ ಮನುಷ್ಯ ಪಂಪಿನಿಂದ ಶುರು ಮಾಡಲಿಲ್ಲ, ಲೇತಿನಿಂದಲೂ ಅಲ್ಲ. ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರ ಕಾರ್ಖಾನೆ ಕಾಲೂರಿದ್ದು ಎರಡು ಬ್ಲೇಡುಗಳ ಮೇಲೆ. ಒಂದು ದನದ ಮೇವು ಕತ್ತರಿಸೋದು, ಇನ್ನೊಂದು ನೆಲ ಕತ್ತರಿಸೋದು.

ಈ ಲೇಖನ ಬರೆಯೋಕೆ ಕಾರಣ ಒಂದು ಗರಗಸ. ಪೋರ್ಟಬಲ್ ಬ್ಯಾಂಡ್ ಸಾ ಮಿಲ್ ಅಂತ ಒಂದು ಯಂತ್ರ ಇದೆ, ವಿಡಿಯೋಗಳಲ್ಲಿ ನೀವು ನೋಡಿರ್ತೀರಿ. ನಮ್ಮ ಕಟ್ಟಿಗೆ ಅಡ್ಡೆಗಳಲ್ಲಿ ದಿಮ್ಮಿಯನ್ನು ಗರಗಸದ ಹತ್ತಿರ ಒಯ್ತಾರೆ, ಇದರಲ್ಲಿ ದಿಮ್ಮಿ ಬಿದ್ದಲ್ಲೇ ಇರ್ತದೆ, ಗರಗಸವೇ ಹಳಿ ಮೇಲೆ ಅದರ ಹತ್ತಿರ ಬರ್ತದೆ. ಎರಡು ಗಾಲಿಗಳ ಸುತ್ತ ಬೆಲ್ಟಿನ ಹಾಗೆ ಓಡುವ ತೆಳು ಉಕ್ಕಿನ ಪಟ್ಟಿಯೇ ಬ್ಲೇಡು. ಈ ಯಂತ್ರ ಇಟ್ಟುಕೊಂಡವರ ಮುಖ್ಯ ತಲೆಬಿಸಿ ಎಂಜಿನ್ನಲ್ಲ, ಬ್ಲೇಡು. ಹಸಿ ಮೆತ್ತನೆ ಮರಕ್ಕೆ ಹಲ್ಲು ಮುಂದಕ್ಕೆ ಜಾಸ್ತಿ ಬಾಗಿದ್ದರೆ ಸರಸರ ಕೊಯ್ತದೆ. ಅದೇ ಬ್ಲೇಡನ್ನು ಒಣಗಿದ ಜಾಲಿಗೋ ಹುಣಸೆಗೋ ಹಾಕಿದ್ರೆ ಹಲ್ಲು ಕಚ್ಚಿಕೊಂಡು ಪಟ್ಟಿ ಮೇಲೆ ಕೆಳಗೆ ಅಲೆದು ಹಲಗೆ ಅಲೆಅಲೆಯಾಗಿ ಬರ್ತದೆ. ಅದಕ್ಕೆ ಹಲ್ಲಿನ ಬಾಗು ಕಡಿಮೆ ಇರೋದೇ ಬೇಕು. ದಪ್ಪ ಬ್ಲೇಡು ನೆಟ್ಟಗೆ ನಿಲ್ತದೆ, ಆದರೆ ಸಣ್ಣ ಗಾಲಿಯ ಸುತ್ತ ಪ್ರತಿ ಸುತ್ತಿನಲ್ಲೂ ಬಾಗಿ ಬಾಗಿ ಬೇಗ ಸೀಳು ಬಿಡ್ತದೆ. ಜೋಡಿಸುವಾಗ ಹಲ್ಲಿನ ದಿಕ್ಕು ಓಟದ ಕಡೆ ಇರಬೇಕು, ಬಿಗಿತ ಸರಿ ಇರಬೇಕು, ಪಟ್ಟಿ ಗಾಲಿಯ ಮೇಲೆ ಆಚೀಚೆ ಸರಿಯಬಾರದು. ಯಾವ ಮರಕ್ಕೆ ಯಾವ ಬ್ಲೇಡು, ಅದನ್ನ ಹೇಗೆ ಕೂಡಿಸೋದು, ಸವೆದ ಮೇಲೆ ಎಷ್ಟು ಬೇಗ ಬದಲಿಸಬಹುದು. ಈ ಮೂರು ಪ್ರಶ್ನೆ ಬಗೆಹರಿದರೆ ಯಂತ್ರ ದುಡೀತದೆ, ಇಲ್ಲಾಂದ್ರೆ ಶೆಡ್ಡಿನಲ್ಲಿ ತುಕ್ಕು ಹಿಡೀತದೆ.

ಸುಮಾರು 120 ವರ್ಷದ ಹಿಂದೆ ಬೆಳಗಾವಿಯಲ್ಲಿ ಒಬ್ಬ ಮನುಷ್ಯ ಇವೇ ಮೂರು ಪ್ರಶ್ನೆ ಹಿಡ್ಕೊಂಡು ಕೂತಿದ್ದರು. ಮರದ ಬದಲು ಅವರ ಮುಂದೆ ಇದ್ದದ್ದು ನಮ್ಮ ಹೊಲ.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ದೊಡ್ಡ ಹೆಸರು ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಇದೇ ಊರಿನವರು. ಮನೆಮಾತು ಮರಾಠಿ, ಸುತ್ತ ಕನ್ನಡ. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡವರು. ಮಗನಿಗೆ ಶಾಲೆಯ ಪಾಠ ಹತ್ತಲಿಲ್ಲ. ಅವನಿಗೆ ಇಷ್ಟವಾದದ್ದು ಎರಡೇ: ಚಿತ್ರ ಬಿಡಿಸೋದು, ಮತ್ತೆ ಯಂತ್ರಗಳು. ಅವತ್ತಿನ ಒಂದು ಗೌರವಸ್ಥ ಮನೆಯಲ್ಲಿ ಈ ಎರಡೂ ಹೊಟ್ಟೆ ತುಂಬಿಸೋ ವಿದ್ಯೆ ಅನ್ನಿಸಿಕೊಂಡಿರಲಿಲ್ಲ. ಆದರೂ ಹಟ ಹಿಡಿದು, 1885ರಲ್ಲಿ ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು.

ಅಲ್ಲಿ ಎರಡು ವರ್ಷ ಆಗೋ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳೀತಿರಲಿಲ್ಲ, ಭಾಗಶಃ ಬಣ್ಣಗುರುಡು. ಚಿತ್ರಕಾರನಾಗಬೇಕು ಅಂತ ಮನೆ ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಏಟು ಯಾವುದಿರ್ತದೆ? ನಮ್ಮಲ್ಲಿ ಯಾರಿಗಾದ್ರೂ ಎರಡನೇ ವರ್ಷದಲ್ಲಿ ನಿನ್ನ ಬ್ರಾಂಚು ನಿನ್ನ ಕಣ್ಣಿಗೆ ಆಗಲ್ಲ ಅಂತ ಹೇಳಿದ್ರೆ ಏನು ಮಾಡ್ತೀವಿ ಅಂತ ಯೋಚಿಸಿ ನೋಡಿ. ಲಕ್ಷ್ಮಣರಾವ್ ಬಣ್ಣ ಬಿಟ್ಟು ಗೆರೆ ಉಳಿಸಿಕೊಂಡರು. ಮೆಕ್ಯಾನಿಕಲ್ ಡ್ರಾಯಿಂಗಿಗೆ ಬಣ್ಣ ಬೇಡ. ಅದರಲ್ಲಿ ಪಳಗಿ, ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಅಂದ್ರೆ ಈಗಿನ ವಿ.ಜೆ.ಟಿ.ಐ.ನಲ್ಲಿ, ಅದೇ ವಿಷಯದ ಮಾಸ್ತರರಾದರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ. ಪಾಠ ಮುಗಿದ ಮೇಲೆ ಅಲ್ಲಿನ ವರ್ಕ್‌ಶಾಪಿನಲ್ಲೇ ನಿಂತು ಯಂತ್ರಗಳನ್ನು ಕಲಿತರು.

ಸೈಕಲ್ ಕಥೆ ಬಹಳ ಜನ ಹೇಳ್ತಾರೆ, ಅದಕ್ಕೆ ನಾನು ಬೇಗ ಮುಗಿಸ್ತೀನಿ. ಮುಂಬೈಯಲ್ಲಿ ಸೈಕಲ್ ನೋಡಿ ಮರುಳಾಗಿ, ಅಲ್ಲಿಂದ ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣನಿಗೆ ಸೈಕಲ್ ಕಳಿಸಿ ಮಾರಾಟ ಶುರು ಮಾಡಿಸಿದರು. ಕಂಪನಿ ತನ್ನ ಹುಟ್ಟಿದ ವರ್ಷ ಅಂತ ಲೆಕ್ಕ ಇಡೋದು ಈ ಸೈಕಲ್ ಅಂಗಡಿಯ 1888ರಿಂದ. ಇತ್ತ ಮುಂಬೈಯಲ್ಲಿ, ಸಿಗಬೇಕಾದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯಿತು. 1897ರಲ್ಲಿ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ವಯಸ್ಸು 28, ಸಂಬಳ ಇಲ್ಲ, ಕೈಯಲ್ಲಿ ಒಂದು ಸಣ್ಣ ವರ್ಕ್‌ಶಾಪು.

ಆ ವರ್ಕ್‌ಶಾಪಿನಿಂದ ಹೊರಬಂದ ಮೊದಲ ಮುಖ್ಯ ಸರಕು ಮೇವು ಕತ್ತರಿಸುವ ಯಂತ್ರ. ಇದನ್ನ ಯಾಕೆ ಆರಿಸಿಕೊಂಡರು ಅನ್ನೋದು ಜೋಳ ಬೆಳೆಯುವ ಕಡೆಯವರಿಗೆ ಹೇಳಬೇಕಾಗಿಲ್ಲ. ಜೋಳದ ಕಣಕಿಯನ್ನು ಇಡಿಯಾಗಿ ಹಾಕಿದ್ರೆ ಎತ್ತು ಎಲೆ ತಿಂದು ದಂಟು ಬಿಡ್ತದೆ, ಅದು ತುಳಿದು ಹಾಳಾಗ್ತದೆ. ಸಣ್ಣಗೆ ಕತ್ತರಿಸಿ ಹಾಕಿದ್ರೆ ಬುಡದ ದಂಟೂ ಹೊಟ್ಟೆಗೆ ಹೋಗ್ತದೆ. ಬರಗಾಲದ ಸೀಮೆಯಲ್ಲಿ ಆ ದಂಟೇ ಎತ್ತಿನ ಜೀವ.

ಈ ಯಂತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ದೊಡ್ಡ ಗಾಲಿ, ಅದರ ಕಡ್ಡಿಗಳಿಗೆ ಬೋಲ್ಟು ಹಾಕಿ ಕೂಡಿಸಿದ ಎರಡು ಬಾಗಿದ ಬ್ಲೇಡು, ಬಾಯಿಯ ಅಂಚಿಗೆ ಒಂದು ಕದಲದ ಪಟ್ಟಿ. ಬ್ಲೇಡು ಬಾಗಿರೋದು ಅಂದಕ್ಕಲ್ಲ. ನೆಟ್ಟಗಿದ್ದರೆ ಇಡೀ ಹಿಡಿ ಕಣಕಿಯನ್ನು ಒಂದೇ ಏಟಿಗೆ ಕಡಿಯಬೇಕಾಗ್ತದೆ, ಗಾಲಿ ತಿರುಗಿಸುವವನ ಕೈ ಸೋಲ್ತದೆ. ಬಾಗಿದ್ದರೆ ಕತ್ತರಿಯ ಹಾಗೆ ಒಂದು ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಕತ್ತರಿಸ್ತಾ ಹೋಗ್ತದೆ. ಅಂದ್ರೆ ಒಟ್ಟು ಕೆಲಸ ಅಷ್ಟೇ, ಆದರೆ ಒಂದೇ ಕ್ಷಣಕ್ಕೆ ಬೇಕಾಗುವ ಬಲ ಕಡಿಮೆ. ಇನ್ನು ತಿರುಗುವ ಬ್ಲೇಡಿಗೂ ಕದಲದ ಪಟ್ಟಿಗೂ ನಡುವೆ ಸಂದು ಕಾಗದದಷ್ಟೇ ಇರಬೇಕು. ಸಂದು ಹೆಚ್ಚಾದ್ರೆ ಕಣಕಿ ಕತ್ತರಿಸಲ್ಲ, ಮಡಚಿಕೊಂಡು ಒಳಗೆ ಸಿಕ್ಕಿಬೀಳ್ತದೆ. ತಾಗಿದ್ರೆ ಬ್ಲೇಡು ಚೂರು. ಎಷ್ಟು ಒಳ್ಳೇ ಉಕ್ಕು ಹಾಕಿದ್ರೂ ಜೋಡಣೆ ಸರಿಯಿಲ್ಲದಿದ್ರೆ ಅದು ಬರೀ ಭಾರ. ಡ್ರಾಯಿಂಗ್ ಕಲಿಸಿದ ಮನುಷ್ಯನಿಗೆ ಈ ಕೂದಲೆಳೆಯ ಅಳತೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಮುಂದಿನ ಸಮಸ್ಯೆ: ನೇಗಿಲು.

ನಮ್ಮ ಕಡೆ ರಂಟೆ ಅಂತೀವಿ. ಜಾಲಿ ಮರದ ಕೊರಡು, ತುದಿಗೆ ಕಮ್ಮಾರ ಬಡಿದು ಕೊಟ್ಟ ಕಬ್ಬಿಣದ ಕುಳ. ಬಡಿಗೇರ, ಕಮ್ಮಾರ ಇಬ್ಬರೂ ಊರಲ್ಲೇ, ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ. ಈ ರಂಟೆ ಮಣ್ಣನ್ನು ಗೀರಿ ಸಡಿಲ ಮಾಡ್ತದೆ, ಮಗುಚಿ ಹಾಕಲ್ಲ. ಕರಿಕೆ ಆಳಕ್ಕೆ ಬೇರು ಬಿಟ್ಟ ಹೊಲದಲ್ಲಿ ಗೀರಿದ್ರೆ ಏನೂ ಆಗಲ್ಲ, ಇನ್ನೂ ಹಬ್ಬುತ್ತದೆ. ಬುಡಸಮೇತ ಕತ್ತರಿಸಿ ಮಣ್ಣನ್ನು ತಲೆಕೆಳಗು ಮಾಡಿ ಬಿಸಿಲಿಗೆ ಹಾಕಬೇಕಂದ್ರೆ ರೆಕ್ಕೆ ಇರುವ ಕಬ್ಬಿಣದ ನೇಗಿಲೇ ಬೇಕು. ಅಂಥ ನೇಗಿಲು ಆಗ ಇಂಗ್ಲೆಂಡಿನಿಂದ ಬರ್ತಿತ್ತು. ಲಕ್ಷ್ಮಣರಾವ್ ಅದನ್ನ ಇಲ್ಲೇ ಎರಕ ಹೊಯ್ದು ಮಾಡಲು ಹೊರಟರು. 1903ರಲ್ಲಿ ಮೊದಲ ಕಿರ್ಲೋಸ್ಕರ್ ನೇಗಿಲು ತಯಾರಾಯಿತು.

ಕೊಳ್ಳೋರು ಯಾರೂ ಬರಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರ್ತದೆ ಅಂತ ರೈತರು ನಂಬಿದ್ದರು ಅನ್ನೋದು ಎಲ್ಲರೂ ಬರೆಯುವ ಕಾರಣ. ಓದುವಾಗ ನಮಗೆ ನಗು ಬರ್ತದೆ. ಆದರೆ ಈ ನಂಬಿಕೆ ನಮ್ಮ ರೈತರ ಸ್ವತ್ತಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಅನ್ನುವವನು 1797ರಲ್ಲೇ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ಪಡೆದಾಗ ಅಲ್ಲಿನ ರೈತರು ಹೇಳಿದ್ದೂ ಇದನ್ನೇ: ಮಣ್ಣಿಗೆ ವಿಷ, ಕಳೆ ಹೆಚ್ಚಾಗ್ತದೆ. ನನಗನ್ನಿಸೋದು, ವಿಷ ಅನ್ನೋದು ಬಾಯಿಗೆ ಬಂದ ಮಾತು, ಒಳಗಿನ ಲೆಕ್ಕ ಬೇರೆ. ಒಂದನೇದು, ನಗದು ಕೊಡಬೇಕು, ನಗದು ಇರೋದು ಸಾಹುಕಾರನ ಹತ್ತಿರ. ಎರಡನೇದು, ಕಬ್ಬಿಣದ ನೇಗಿಲು ಆಳಕ್ಕೆ ಇಳೀತದೆ, ಎತ್ತಿಗೆ ಭಾರ, ಗಟ್ಟಿ ಎರೆಹೊಲದಲ್ಲಿ ಒಂದು ಜೋಡಿ ಸಾಲೋದೇ ಇಲ್ಲ. ಮೂರನೇದು, ಮತ್ತೆ ಇದೇ ದೊಡ್ಡದು, ಮುರಿದ್ರೆ ಏನು ಗತಿ? ಬಡಿದು ಮಾಡಿದ ಕುಳ ಮೊಂಡಾದ್ರೆ ಊರ ಕಮ್ಮಾರ ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಡಿದು ಹರಿತ ಮಾಡ್ತಾನೆ. ಎರಕದ ಕಬ್ಬಿಣವನ್ನು ಹಾಗೆ ಬಡಿಯೋಕೆ ಆಗಲ್ಲ, ಒಡೀತದೆ. ಅಂದ್ರೆ ಮಳೆ ಬಿದ್ದು ಹದ ಬಂದ ವಾರದಲ್ಲೇ ಕುಳ ಒಡೆದ್ರೆ ಆ ವರ್ಷದ ಬಿತ್ತನೆಯೇ ಹೋಯಿತು. ಇಷ್ಟು ಗೊತ್ತಿದ್ದ ರೈತ ಆ ನೇಗಿಲನ್ನ ಕೊಳ್ಳದೇ ಇದ್ದದ್ದು ಮೂಢನಂಬಿಕೆಯಾ, ರಿಸ್ಕ್ ಅನಾಲಿಸಿಸ್ಸಾ?

ಇದಕ್ಕೆ ಉತ್ತರ ಭಾಷಣ ಅಲ್ಲ, ಕುಳವೇ ಆಗಬೇಕಿತ್ತು.

ಈಗ ಸ್ವಲ್ಪ ಮೆಟೀರಿಯಲ್ ಸೈನ್ಸ್. ಎರಕದ ಕಬ್ಬಿಣ ನಿಧಾನಕ್ಕೆ ಆರಿದ್ರೆ ಅದರೊಳಗಿನ ಇಂಗಾಲ ಗ್ರಾಫೈಟ್ ಚಕ್ಕೆಗಳಾಗ್ತದೆ, ಅದು ಬೂದು ಕಬ್ಬಿಣ, ಸ್ವಲ್ಪ ಮೆತ್ತಗೆ, ಮಣ್ಣಿನಲ್ಲಿ ಬೇಗ ಸವೀತದೆ. ಬೇಗ ಆರಿಸಿದ್ರೆ ಇಂಗಾಲಕ್ಕೆ ಬೇರೆಯಾಗೋ ಸಮಯ ಸಿಗಲ್ಲ, ಕಾರ್ಬೈಡ್ ಆಗಿ ಉಳೀತದೆ, ಅದು ಬಿಳಿ ಕಬ್ಬಿಣ, ಬಹಳ ಗಟ್ಟಿ, ಆದರೆ ಗಾಜಿನ ಹಾಗೆ ಒಡೆಯೋದು. ಐರನ್ ಕಾರ್ಬನ್ ಡಯಾಗ್ರಾಂ ಬರೆದು ಬರೆದು ಬೇಸತ್ತವರಿಗೆ ಇದು ಹೊಸದಲ್ಲ. ಇಂಗ್ಲೆಂಡಿನ ರಾಬರ್ಟ್ ರ‍್ಯಾನ್ಸಮ್ 1803ರಲ್ಲಿ ಇದನ್ನೇ ಬಳಸಿಕೊಂಡ. ಕುಳದ ಕೆಳಮುಖವನ್ನು ಮಾತ್ರ ತಣ್ಣನೆ ಲೋಹದ ಅಚ್ಚಿಗೆ ತಾಗಿಸಿ ಬೇಗ ಆರಿಸಿದ. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ. ಉಳುವಾಗ ಮೇಲ್ಭಾಗ ಬೇಗ ಸವೆದು ಕೆಳಗಿನ ಅಂಚು ಸದಾ ಹರಿತವಾಗೇ ಇರ್ತದೆ. ತನ್ನನ್ನು ತಾನೇ ಸಾಣೆ ಹಿಡಿದುಕೊಳ್ಳುವ ಬ್ಲೇಡು. 1803ರಲ್ಲಿ! ಅಲ್ಲಿಂದ ಮುಂದೆ ಕುಳ ಎರಕ ಹೊಯ್ಯೋ ಯಾರಿಗೇ ಆದ್ರೂ ಈ ಗಟ್ಟಿತನ ಮತ್ತು ಒಡೆಯುವ ಗುಣದ ನಡುವಿನ ಹಗ್ಗಜಗ್ಗಾಟ ತಪ್ಪಿದ್ದಲ್ಲ.

ಅದರ ಜೊತೆಗೆ ಮಣ್ಣಿನ ಜಾತಿ. ಮಸಾರಿ ಹೊಲದಲ್ಲಿ ಮರಳು, ಗರಸು. ಅದು ಸಾಣೆಕಲ್ಲಿನ ಹಾಗೆ ಕುಳವನ್ನು ತಿಂದುಹಾಕ್ತದೆ, ಅಲ್ಲಿ ಬೇಕಾದದ್ದು ಗಟ್ಟಿತನ. ಗದಗ ಸುತ್ತಿನ ಎರೆಹೊಲದ ಕಥೆ ಬೇರೆ. ಒಣಗಿದಾಗ ಕಲ್ಲಿನಂತೆ ಬಿರುಕು ಬಿಟ್ಟು ನಿಲ್ತದೆ, ಒದ್ದೆಯಾದಾಗ ಅಂಟಿನ ಹಾಗೆ ಹತ್ತಿಕೊಳ್ತದೆ. ಮಳೆಗಾಲದಲ್ಲಿ ನಮ್ಮ ಹೊಲದಲ್ಲಿ ಹತ್ತು ಹೆಜ್ಜೆ ನಡೆದ್ರೆ ಚಪ್ಪಲಿ ಒಂದೊಂದು ಕೆಜಿ ಆಗ್ತದೆ. ಒರಟು ಮೈಯ ನೇಗಿಲಿಗೂ ಅದೇ ಗತಿ, ಮಣ್ಣು ಹತ್ತಿಕೊಂಡು ನಿಂತು ಬಿಡ್ತದೆ. ಇಲ್ಲಿ ಬೇಕಾದದ್ದು ನುಣುಪು. ಅಮೆರಿಕದ ಇಲಿನಾಯ್ಸಿನಲ್ಲಿಯೂ ಇಂಥದೇ ಅಂಟು ಕಪ್ಪು ಮಣ್ಣು. ಅಲ್ಲಿ ಗ್ರ್ಯಾಂಡ್ ಡಿಟೂರ್ ಅನ್ನುವ ಹಳ್ಳಿಯ ಕಮ್ಮಾರ ಜಾನ್ ಡಿಯರ್ 1837ರಲ್ಲಿ ಕಂಡುಕೊಂಡ ದಾರಿ ಏನು ಗೊತ್ತಾ? ಸಾ ಮಿಲ್ಲಿನ ಒಂದು ಮುರಿದ ಗರಗಸ. ಮರ ಕೊಯ್ದು ಕೊಯ್ದು ನುಣುಪಾಗಿದ್ದ ಆ ಉಕ್ಕನ್ನು ಕತ್ತರಿಸಿ ಬಾಗಿಸಿ ನೇಗಿಲಿಗೆ ಹಾಕಿದ, ಮಣ್ಣು ಜಾರಿ ಬಿತ್ತು. ಇವತ್ತು ನಮ್ಮ ಊರುಗಳಲ್ಲಿ ಓಡಾಡುವ ಹಸಿರು ಟ್ರ್ಯಾಕ್ಟರುಗಳ ಕಂಪನಿ ಹುಟ್ಟಿದ್ದು ಆ ಗರಗಸದಿಂದ.

ಕುಳ ಆರಿಸಿದ್ದಾಯಿತು, ಕೂಡಿಸೋದು ಇನ್ನೊಂದು ವಿದ್ಯೆ. ಹೊಸ ಕುಳವನ್ನು ನೆಲದ ಮೇಲೆ ಇಟ್ಟು ನೋಡಿದ್ರೆ ಅದರ ಮೊನೆ ಮಾತ್ರ ನೆಲಕ್ಕೆ ತಾಗ್ತದೆ, ಮೊನೆಯ ಹಿಂದೆ ತಳದಲ್ಲಿ ಒಂದು ಸಣ್ಣ ಕಮಾನು ಇರ್ತದೆ. ಆ ಬೆರಳ ಸಂದಿಗಿಂತ ಸಣ್ಣ ಓರೆಯೇ ನೇಗಿಲನ್ನು ಒಳಕ್ಕೆ ಎಳೆಯೋದು. ಮೊನೆ ಸವೆದು ಆ ಓರೆ ಹೋಯಿತೋ, ಉಳುವವನು ಎಷ್ಟೇ ಮೇಳಿ ಒತ್ತಿದ್ರೂ ನೇಗಿಲು ನೆಲದ ಮೇಲೆ ತೇಲ್ತದೆ. ಬೋಲ್ಟಿನ ತಲೆ ಕುಳದ ಮೈಯಿಂದ ಒಂದು ಕೂದಲಷ್ಟೂ ಮೇಲೆ ಬರಬಾರದು, ಬಂದ್ರೆ ಮಣ್ಣು ಅಲ್ಲೇ ತಡೆದು ನಿಲ್ತದೆ. ಎತ್ತಿನ ಸರಪಳಿಯನ್ನು ಎಲ್ಲಿ ಸಿಕ್ಕಿಸ್ತೀರಿ ಅನ್ನೋದರ ಮೇಲೆ ಆಳ ಮತ್ತು ಅಗಲ ಎರಡೂ ನಿಂತಿದೆ. ಬ್ಯಾಂಡ್ ಸಾ ಬ್ಲೇಡನ್ನು ಗಾಲಿಯ ಮೇಲೆ ಕೂಡಿಸುವಾಗಿನ ಪೇಚಾಟವೇ ಇದು, ಆದರೆ ಇಲ್ಲಿ ಸ್ಪ್ಯಾನರ್ ಹಿಡಿಯೋನು ಮೆಕ್ಯಾನಿಕ್ ಅಲ್ಲ, ರೈತ.

ಹಾಗಾಗಿ ನನ್ನ ಪ್ರಕಾರ ಕಬ್ಬಿಣದ ನೇಗಿಲನ್ನು ಗೆಲ್ಲಿಸಿದ ವಿಚಾರ ಕಬ್ಬಿಣ ಅಲ್ಲ, ಬಿಡಿಭಾಗ. ನ್ಯೂಯಾರ್ಕ್ ಸೀಮೆಯ ಜೆಥ್ರೊ ವುಡ್ 1819ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ: ನೇಗಿಲನ್ನು ಬೇರೆ ಬೇರೆ ತುಂಡುಗಳಾಗಿ ಎರಕ ಹೊಯ್ದು, ಸವೆದದ್ದನ್ನು ಮಾತ್ರ ಬದಲಿಸೋದು. ಆದರೆ ಹಾಗೆ ಬದಲಿಸಬೇಕಂದ್ರೆ ಇವತ್ತು ಹೊಯ್ದ ಕುಳ ಮೂರು ವರ್ಷದ ಹಿಂದೆ ಹೋದ ನೇಗಿಲಿಗೂ ಸರಿಯಾಗಿ ಕೂಡಬೇಕು. ತೂತು ತೂತಿಗೆ ಸೇರಬೇಕು. ಊರ ಕಮ್ಮಾರನಿಗೆ ಈ ಚಿಂತೆ ಇರಲಿಲ್ಲ, ಅವನು ಆ ಒಂದು ರಂಟೆಗೆ ನೋಡಿ ನೋಡಿ ಬಡೀತಿದ್ದ. ಕಾರ್ಖಾನೆಗೆ ರೈತನ ನೇಗಿಲು ಕಣ್ಣಿಗೆ ಬೀಳಲ್ಲ, ಅಳತೆ ಮಾತ್ರ ಗೊತ್ತು. ಅಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರ್ ಇದ್ದದ್ದು ಎಷ್ಟು ದೊಡ್ಡ ಅದೃಷ್ಟ ನೋಡಿ. ನಾವು ಶಾಪ ಹಾಕುತ್ತಾ ಮಾಡುವ ಲಿಮಿಟ್ಸ್, ಫಿಟ್ಸ್, ಟಾಲರೆನ್ಸ್ ಎಲ್ಲ ಕೊನೆಗೆ ಆ ಹದದ ವಾರ ಹೊಲದಲ್ಲಿ ಕೂತ ರೈತನ ಸಲುವಾಗಿಯೇ.

ಇಲ್ಲಿ ನಮ್ಮೂರಿನ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಗದಗ ಹತ್ತಿರದ ಕಣಗಿನಹಾಳ ನನ್ನ ಊರು. ಲಕ್ಷ್ಮಣರಾವ್ ಅವರ ನೇಗಿಲು ಬೆಳಗಾವಿಯಲ್ಲಿ ಗಿರಾಕಿಗಾಗಿ ಕಾಯ್ತಿದ್ದ ಅದೇ ದಿನಗಳಲ್ಲಿ, 1905ರಲ್ಲಿ, ಇಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ. ಏಷ್ಯಾದಲ್ಲೇ ಮೊದಲನೇದು ಅಂತ ಇದನ್ನ ಕರೀತಾರೆ, ಸಹಕಾರಿ ಪರೀಕ್ಷೆ ಬರೆಯೋರೆಲ್ಲ ಊರ ಹೆಸರು ಬಾಯಿಪಾಠ ಮಾಡ್ತಾರೆ. ಅದು ಎದುರಿಸಿದ್ದು ಮೇಲೆ ಹೇಳಿದ ಮೊದಲನೇ ಕಾರಣವನ್ನ: ರೈತನ ಕೈಯಲ್ಲಿ ನಗದಿಲ್ಲ, ಸಾಲಕ್ಕೆ ಸಾಹುಕಾರನ ಬಾಗಿಲೇ ಗತಿ. ಬೆಳಗಾವಿ, ಗದಗ ಎರಡೂ ಆಗ ಮುಂಬೈ ಪ್ರಾಂತದೊಳಗೆ. ಒಬ್ಬರು ಎಂಜಿನಿಯರು, ಒಬ್ಬರು ಗೌಡರು. ಒಳ್ಳೇ ಸಾಧನ ಇದ್ದೂ ಕೊಳ್ಳೋಕೆ ದುಡ್ಡಿಲ್ಲದಿದ್ರೆ ವ್ಯರ್ಥ, ದುಡ್ಡು ಸಿಕ್ಕಿಯೂ ನೆಲಕ್ಕೆ ಹೊಂದೋ ಸಾಧನ ಇಲ್ಲದಿದ್ರೆ ಸಾಲ ಮಾತ್ರ ಉಳೀತದೆ. ನಮ್ಮ ಸಿಲೆಬಸ್ಸಿನಲ್ಲಿ ಮೊದಲನೇದನ್ನ ಕಲಿಸ್ತಾರೆ, ಎರಡನೇದನ್ನ ಯಾರೂ ಕಲಿಸಲ್ಲ.

ನೇಗಿಲಿಗೆ ಕೊನೆಗೂ ಗಿರಾಕಿ ಹತ್ತಿದರು. ಒಬ್ಬರ ಹೊಲ ನೋಡಿ ಇನ್ನೊಬ್ಬರು. ವ್ಯವಹಾರ ಏಳುವ ಹೊತ್ತಿಗೆ ಇನ್ನೊಂದು ಪೆಟ್ಟು: ಬೆಳಗಾವಿ ಪುರಸಭೆಗೆ ಊರಿನ ವಿಸ್ತರಣೆಗೆ ಆ ಜಾಗ ಬೇಕಾಯಿತು, ಕಾರ್ಖಾನೆ ತೆಗೀರಿ ಅಂತ ನೋಟಿಸು. ಬೇರೆ ಜಾಗ ಇಲ್ಲ, ಕೊಳ್ಳೋಕೆ ದುಡ್ಡಿಲ್ಲ. ಆಗ ಕೈ ಹಿಡಿದದ್ದು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ಜನಪ್ರಿಯ ಮಾಡಿದ ರಾಜ ಅಂತ ಕೆಲವರಿಗೆ ಗೊತ್ತಿರಬಹುದು, ಸ್ವತಃ ಚಿತ್ರಕಾರ ಕೂಡ. ಬಣ್ಣ ಕೈಬಿಟ್ಟ ಒಬ್ಬ ಚಿತ್ರಕಾರನಿಗೆ ಬಣ್ಣ ಹಿಡಿದಿದ್ದ ಇನ್ನೊಬ್ಬ ಚಿತ್ರಕಾರ ಜಾಗ ಕೊಟ್ಟ. ಪುಣೆ ಮಿರಜ ರೈಲು ದಾರಿಯ ಕುಂಡಲ್ ರೋಡ್ ಸ್ಟೇಷನ್ ಪಕ್ಕ 32 ಎಕರೆ ನೆಲ, ಮತ್ತೆ ಬಡ್ಡಿ ಇಲ್ಲದ 10,000 ರೂಪಾಯಿ ಸಾಲ.

ನೆಲ ಅಂದ್ರೆ ಕಳ್ಳಿ, ಕಲ್ಲು, ಹಾವು. ನೀರಿಗೂ ತತ್ವಾರ. 1910ರ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿ ಶುರುವಾಯಿತು. ಮನೆಮಂದಿ, ಕೆಲಸಗಾರರು ಎಲ್ಲ ಗುಡಿಸಲುಗಳಲ್ಲಿ. ಊರನ್ನು ನಡೆಸುವ ಹೊಣೆ ರಾಮುಅಣ್ಣನದು. ಶಂಭೋರಾವ್ ಜಾಂಭೇಕರ್ ಯಾವ ಯಂತ್ರ ಕೊಟ್ಟರೂ ಬಿಚ್ಚಿ ಕೂಡಿಸುವವರು. ಅನಂತರಾವ್ ಫಳ್ಣೀಕರ್ ಓದು ಅರ್ಧಕ್ಕೆ ಬಿಟ್ಟವರು, ಲೆಕ್ಕ ಪತ್ರ ನೋಡಿಕೊಂಡ ಮಂಗೇಶರಾವ್ ರೇಗೆಯವರದು ಗುಮಾಸ್ತಿಕೆ, ಕೆ.ಕೆ. ಕುಲಕರ್ಣಿ ಮೆಟ್ರಿಕ್ ಫೇಲ್ ಆಗಿ ಮುಂದೆ ಮ್ಯಾನೇಜರ್ ಆದವರು. ಪ್ಲೇಸ್‌ಮೆಂಟ್ ಸೆಲ್ಲಿನ ಕಟ್‌ಆಫಿನಲ್ಲಿ ಇವರಲ್ಲಿ ಒಬ್ಬರೂ ಪಾಸಾಗ್ತಿರಲಿಲ್ಲ. ರಾತ್ರಿ ಕಾವಲಿಗೆ ಲಕ್ಷ್ಮಣರಾವ್ ನೇಮಿಸಿದ್ದು ಜೈಲು ಕಂಡು ಬಂದವರನ್ನ. ವಾಡಿಯಲ್ಲಿ ಅಸ್ಪೃಶ್ಯತೆಯನ್ನು ಅವರು ಒಪ್ಪಲಿಲ್ಲ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಹಡಗುಗಳು ಯುದ್ಧಕ್ಕೆ ಹೋದವು, ಹೊರಗಿನಿಂದ ಬರ್ತಿದ್ದ ಕಬ್ಬಿಣ ನಿಂತಿತು. ಇಂಗ್ಲೆಂಡಿನ ನೇಗಿಲೂ ಬರೋದು ನಿಂತಿದ್ದರಿಂದ ಬೇಡಿಕೆ ಏನೋ ಇತ್ತು, ಹೊಯ್ಯೋಕೆ ಲೋಹ ಇರಲಿಲ್ಲ. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಕೋಟೆಗಳಲ್ಲಿ ಬಿದ್ದಿದ್ದ ಹಳೇ ತೋಪುಗಳನ್ನು ಕೊಟ್ಟರು. ತೋಪು ಒಡೆದು, ಕರಗಿಸಿ, ಕುಳ ಹೊಯ್ದರು. ಈ ಪ್ರಸಂಗವನ್ನು ಕವಿಗಳು ಚೆನ್ನಾಗಿ ಹಾಡಬಹುದು. ನನಗೆ ಬರೋ ಅನುಮಾನ ಎಂಜಿನಿಯರಿನದು: ಒಂದೊಂದು ತೋಪಿನ ಲೋಹ ಒಂದೊಂದು ಥರ ಇದ್ದಿರ್ತದೆ. ಆ ಕಲಬೆರಕೆ ಕಬ್ಬಿಣದಿಂದ ಒಡೆಯದ, ಸವೆಯದ ಕುಳ ತೆಗೆಯೋದು ಎರಕದ ಮನೆಯವರಿಗೆ ಎಷ್ಟು ನಿದ್ದೆಗೆಡಿಸಿರಬೇಕು!

ಮುಂದಿನದು ಬಹಳಷ್ಟು ಕಡೆ ಸಿಗ್ತದೆ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಶೇಂಗಾ ಒಡೆಯುವ ಯಂತ್ರ, ಕಬ್ಬಿನ ಗಾಣ, ಕಬ್ಬಿಣದ ಪೀಠೋಪಕರಣ, 1926ರ ಹೊತ್ತಿಗೆ ಸೆಂಟ್ರಿಫ್ಯೂಗಲ್ ಪಂಪು. ಕಂಪನಿಯ ಸುದ್ದಿಪತ್ರವಾಗಿ ಶುರುವಾದದ್ದು ಮರಾಠಿಯ ಹೆಸರಾಂತ ಮಾಸಪತ್ರಿಕೆಯೇ ಆಯಿತು, ನಮ್ಮ ಕನ್ನಡ ಸಂಘದ ಸಂಪಾದಕರು ಗಮನಿಸಬೇಕು. ಮಗ ಶಂತನುರಾವ್ ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ ಬಂದು ಕಾರ್ಖಾನೆ ವಹಿಸಿಕೊಂಡರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡತೊಡಗಿತು. ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಅದರ ಲೇತ್‌ಗಳ ಮೇಲೆ ಹುಡುಗರು ಇನ್ನೂ ಟರ್ನಿಂಗ್ ಕಲೀತಿದ್ದಾರೆ.

ಲಕ್ಷ್ಮಣರಾವ್ ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ. ಹುಟ್ಟಿ ನೂರು ವರ್ಷ ತುಂಬಿದ 1969ರಲ್ಲಿ ಅಂಚೆ ಇಲಾಖೆ ಅವರ ಸ್ಟಾಂಪು ತಂದಿತು. ಕುಂಡಲ್ ರೋಡ್ ಸ್ಟೇಷನ್ನಿನ ಹೆಸರೇ ಕಿರ್ಲೋಸ್ಕರವಾಡಿ ಅಂತಾಯಿತು. ಜಾಗ ಖಾಲಿ ಮಾಡಿಸಿದ ಬೆಳಗಾವಿಯಲ್ಲೂ ಪೇಟೆ ನಡುವೆ ಈಗ ಒಂದು ಕಿರ್ಲೋಸ್ಕರ್ ರೋಡ್ ಇದೆ. ಅಲ್ಲಿ ಬಟ್ಟೆ, ಬಂಗಾರ, ಮೊಬೈಲ್ ಎಲ್ಲ ಸಿಗ್ತದೆ. ನೇಗಿಲಿನ ಕುಳ ಬೇಕಾದ್ರೆ ಬೇರೆ ಕಡೆ ಹುಡುಕಬೇಕು.